ಕಾಯುವವರ ಪಟ್ಟಿಯ ಅರ್ಥಶಾಸ್ತ್ರ

ಕಳೆದ ವರ್ಷದ ಕೊನೆಯ ಒಂದು ಬೆಳಿಗ್ಗೆ ನನ್ನ ಮಗ ಮೊಬೈಲನ್ನು ನನ್ನ ಮುಂದೆ ಹಿಡಿದು, 'ಅಪ್ಪ, ಕಡೆಗೂ ನನ್ನ ಸರದಿ ಬಂತು ನೋಡಿ' ಎಂದ. ಅಮೆರಿಕದ ಸಣ್ಣ ಕಾರ್ಯಾಗಾರವೊಂದರಿಂದ ಬಂದ ಇ-ಮೇಲ್ ಅದು. ನಾಲ್ಕು ವರ್ಷಗಳ ಹಿಂದೆ ಆತ ಹೆಸರು ನೋಂದಾಯಿಸಿದ್ದ ಗಿಟಾರ್ ಪೆಡಲ್ಲನ್ನು ತಯಾರಿಸುವ ಸರದಿ ಬಂದಿದೆ, ಈಗಲೂ ಬೇಕಿದ್ದರೆ ಹದಿನೈದು ದಿನಗಳೊಳಗೆ ತಿಳಿಸಿ ಎಂಬುದಷ್ಟೇ ಒಕ್ಕಣೆ. ಮುಂಗಡ ಹಣವಿಲ್ಲ, ಶಿಫಾರಸು ಪತ್ರವಿಲ್ಲ. ನಾಲ್ಕು ವರ್ಷ ಆ ಪಟ್ಟಿ ತನ್ನ ಪಾಡಿಗೆ ತಾನು ಸರಿದಿತ್ತು.

ಎಲೆಕ್ಟ್ರಿಕ್ ಗಿಟಾರಿಗೂ ಅದರ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ, ಕಾಲಿನಿಂದ ಒತ್ತಿ ನುಡಿಸುವ ಅಂಗೈಯಗಲದ ಲೋಹದ ಪೆಟ್ಟಿಗೆಯೇ ಪೆಡಲ್. ಒಳಗಿರುವುದು ಕೆಲವು ರೆಸಿಸ್ಟರ್, ಕೆಪಾಸಿಟರ್, ಡಯೋಡುಗಳು. ತಂತಿಯ ನಾದವನ್ನು ಅದು ಹದವಾಗಿ ಕೆಡಿಸುತ್ತದೆ. ಆ ಕೆಡುಕೇ ಕೇಳುವವರಿಗೆ ಇಂಪು. ಇದರ ಹುಟ್ಟೂ ಒಂದು ದೋಷದಿಂದಲೇ. 1960ರಲ್ಲಿ ನ್ಯಾಶ್‌ವಿಲ್‌ನ ಧ್ವನಿಮುದ್ರಣ ಕೇಂದ್ರವೊಂದರ ಉಪಕರಣ ಕೆಟ್ಟು ಗಿಟಾರಿನ ಸ್ವರ ಒಡೆದು ಕೇಳಿಸಿತು. ಆ ಒಡಕು ಜನರಿಗೆ ಹಿಡಿಸಿದ್ದನ್ನು ಕಂಡ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಬೇಕೆಂದಾಗ ಉಂಟುಮಾಡುವ ಮಂಡಲವನ್ನು ರೂಪಿಸಿದರು. 1962ರಲ್ಲಿ ಅದು ಮೇಸ್ಟ್ರೋ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ 'ಸ್ಯಾಟಿಸ್‌ಫ್ಯಾಕ್ಷನ್' ಗೀತೆಯಲ್ಲಿ ಬಳಸಿದ ಮೇಲೆ ಅದಕ್ಕೆ ಬೇಡಿಕೆ ಕುದುರಿತು. ಜಪಾನಿನ ಬಾಸ್ ಕಂಪನಿ 1977ರಿಂದ ಇಂಥ ಪುಟ್ಟ ಪೆಟ್ಟಿಗೆಗಳನ್ನು ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಿಸುತ್ತ ಬಂದಿದೆ. ಅಂಗಡಿಗೆ ಹೋದರೆ ಆ ದಿನವೇ ಸಿಗುತ್ತವೆ.

ಹಾಗಿದ್ದರೂ ಕೈಯಿಂದ ಬೆಸುಗೆ ಹಾಕಿದ ಪೆಟ್ಟಿಗೆಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಮ್ಯಾಸಚೂಸೆಟ್ಸ್‌ನ ಬಿಲ್ ಫಿನ್ನೆಗನ್ 1994ರಿಂದ ಸುಮಾರು 2008ರವರೆಗೆ 'ಕ್ಲಾನ್ ಸೆಂಟಾರ್' ಎಂಬ ಪೆಡಲ್ಲನ್ನು ಹೆಚ್ಚುಕಡಿಮೆ ಒಬ್ಬರೇ ಕುಳಿತು ತಯಾರಿಸಿದರು. ಅಷ್ಟು ವರ್ಷಗಳಲ್ಲಿ ಹೊರಬಂದದ್ದು ಸುಮಾರು 8,000. ಅವರು ಕೇಳುತ್ತಿದ್ದದ್ದು ಕೆಲವು ನೂರು ಡಾಲರ್. ಇಂದು ಹಳೆಯದೊಂದು ಕೈಬದಲಾಗಬೇಕಾದರೆ ಸಾವಿರಾರು ಡಾಲರ್ ಬೇಕು. ಆ ಏರಿಕೆಯಲ್ಲಿ ತಯಾರಕನಿಗೆ ದಕ್ಕಿದ್ದು ಏನೂ ಇಲ್ಲ. 2012ರಲ್ಲಿ ಅದರ ಹೊಸ ರೂಪವನ್ನು ಹೊರತಂದಾಗ, ಈ ಅತಿರೇಕದ ಪ್ರಚಾರ ತಮ್ಮ ಸೃಷ್ಟಿಯಲ್ಲ ಎಂಬ ಮಾತನ್ನು ಫಿನ್ನೆಗನ್ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿಸಿದರು. ಕನೆಕ್ಟಿಕಟ್‌ನ ಮೈಕ್ ಪಿಯೆರಾ ಅವರ 'ಕಿಂಗ್ ಆಫ್ ಟೋನ್' ಪೆಡಲ್ಲಿಗೂ ಇಂಥದೇ ಖ್ಯಾತಿ. ಅದಕ್ಕೆ ಹೆಸರು ಬರೆಸಿದವರು ಹಲವು ವರ್ಷ ಕಾಯುವುದು ಗಿಟಾರ್ ವಾದಕರ ವಲಯದಲ್ಲಿ ಮನೆಮಾತು.

ಎಂ.ಎ. ತರಗತಿಯಲ್ಲಿ ನಾನು ಕಲಿತ ಅರ್ಥಶಾಸ್ತ್ರಕ್ಕೆ ಇದು ಒಗಟು. ಬೇಡಿಕೆ ಪೂರೈಕೆಯನ್ನು ಮೀರಿದರೆ ಬೆಲೆ ಏರಬೇಕು. ಬೆಲೆ ಏರಿದರೆ ಸರದಿ ಕರಗಬೇಕು. ತಯಾರಕ ಬೆಲೆಯನ್ನು ಇಮ್ಮಡಿಗೊಳಿಸಿದರೆ ಪಟ್ಟಿಯೂ ಸಣ್ಣದಾಗುತ್ತದೆ, ಲಾಭವೂ ಹೆಚ್ಚುತ್ತದೆ. ಏಕೆ ಏರಿಸುವುದಿಲ್ಲ? ನೊಬೆಲ್ ಪುರಸ್ಕೃತ ಗ್ಯಾರಿ ಬೆಕರ್ 1991ರಲ್ಲಿ ಇದೇ ಪ್ರಶ್ನೆಯನ್ನು ಒಂದು ಉಪಾಹಾರಗೃಹದ ಬಗ್ಗೆ ಕೇಳಿದ್ದರು. ಜನ ಸಾಲುಗಟ್ಟಿ ನಿಂತರೂ ಅಲ್ಲಿ ಬೆಲೆ ಏರುವುದಿಲ್ಲ, ಎದುರಿನ ಹೋಟೆಲು ಖಾಲಿ. ಇತರರು ಬಯಸುತ್ತಾರೆ ಎಂಬುದೇ ನಮ್ಮ ಬಯಕೆಯನ್ನು ಬೆಳೆಸುತ್ತದೆ, ಬೆಲೆ ಏರಿಸಿ ಸಾಲನ್ನು ಕರಗಿಸಿದರೆ ಆಕರ್ಷಣೆಯೂ ಕರಗೀತು ಎಂಬುದು ಅವರ ಉತ್ತರ. ಇನ್ನೊಂದು ಉತ್ತರ 1986ರಲ್ಲಿ ಕಾನೆಮನ್, ನೆಚ್ ಮತ್ತು ಥೇಲರ್ ನಡೆಸಿದ ಅಧ್ಯಯನದಲ್ಲಿದೆ. ಹಿಮಪಾತವಾದ ಮರುದಿನ ಅಂಗಡಿಯವನು 15 ಡಾಲರಿನ ಸಲಿಕೆಯನ್ನು 20 ಡಾಲರಿಗೆ ಮಾರಿದರೆ ಹೇಗೆ ಎಂದು ಕೇಳಿದಾಗ, ಶೇ 82 ಮಂದಿ ಅದು ಅನ್ಯಾಯ ಎಂದರು. ಗ್ರಾಹಕನ ಸದ್ಭಾವವೇ ಬಂಡವಾಳವಾಗಿರುವ ಒಂಟಿ ಕುಶಲಕರ್ಮಿ ಈ ತೀರ್ಪನ್ನು ಕಡೆಗಣಿಸಲಾರ. ಮೇಲಾಗಿ ಉದ್ದನೆಯ ಪಟ್ಟಿ ಅವನ ನಾಳೆಯ ಅನ್ನಕ್ಕೆ ಭರವಸೆ.

ಇಷ್ಟೆಲ್ಲ ಬಲ್ಲ ನಾನು ಅಂದು ಮಗನಿಗೆ ಕೊಟ್ಟ ಸಲಹೆ ಏನು? ಎರಡು ವರ್ಷಗಳಿಂದ, ಮಗು ಹುಟ್ಟಿದ ಮೇಲೆ, ಅವನ ಗಿಟಾರು ಚೀಲದಿಂದ ಹೊರಬಂದಿಲ್ಲ. 'ತರಿಸು. ಬೇಡವಾದರೆ ಮಾರಿಬಿಡು, ಒಂದಕ್ಕೆ ಒಂದೂವರೆ ಸಿಗುತ್ತದೆ' ಎಂದೆ. ಆಡಿದ ಮರುಕ್ಷಣವೇ ಆ ಮಾತನ್ನು ಎಲ್ಲಿ ಕೇಳಿದ್ದೆ ಎಂಬುದು ನೆನಪಾಯಿತು.

1980ರಲ್ಲಿ ನಮ್ಮ ಮನೆಗೆ ಸ್ಕೂಟರಿನ ಹಂಚಿಕೆ ಪತ್ರ ಬಂತು. ಶಾಲಾ ಶಿಕ್ಷಕರಾಗಿದ್ದ ತಂದೆಯವರು ಠೇವಣಿ ಕಟ್ಟಿ ಎಂಟು ವರ್ಷಗಳಾಗಿದ್ದವು. ಇಂದಿನ ತರುಣರು ನಂಬಲಿಕ್ಕಿಲ್ಲ. ಎಷ್ಟು ತಯಾರಿಸಬೇಕೆಂಬುದನ್ನು ಸರ್ಕಾರದ ಲೈಸೆನ್ಸು ನಿರ್ಧರಿಸುತ್ತಿದ್ದ ಕಾಲದಲ್ಲಿ ಸ್ಕೂಟರಿಗೂ ದೂರವಾಣಿಗೂ ವರ್ಷಗಟ್ಟಲೆ ಕಾಯಬೇಕಿತ್ತು. ಪತ್ರ ಬಂದ ಸುದ್ದಿ ಹರಡಿದ ಎರಡೇ ದಿನಕ್ಕೆ ಊರಿನ ವರ್ತಕರೊಬ್ಬರು ಮನೆಗೆ ಬಂದು, 'ಮೇಷ್ಟ್ರೇ, ನಿಮಗೇಕೆ ಇದರ ಉಸಾಬರಿ? ಮೇಲೆ ಒಂದಷ್ಟು ಕೊಡುತ್ತೇನೆ' ಎಂದರು. ತಂದೆಯವರು ಆ ರಾತ್ರಿ ನಿದ್ರಿಸಲಿಲ್ಲ. ಬೆಳಿಗ್ಗೆ ಪತ್ರವನ್ನು ಕೊಟ್ಟುಬಿಟ್ಟರು. ಆ ಹಣದಿಂದ ಮೈಸೂರಿನಲ್ಲಿ ನನ್ನ ಎಂ.ಎ. ಮುಗಿಯಿತು. ತಂದೆಯವರು ನಿವೃತ್ತರಾಗುವವರೆಗೂ ಸೈಕಲ್ಲಿನಲ್ಲೇ ಶಾಲೆಗೆ ಹೋದರು.

ಹೀಗೆ ನನ್ನ ಅರ್ಥಶಾಸ್ತ್ರಕ್ಕೆ ಶುಲ್ಕ ಕಟ್ಟಿದ್ದೇ ಒಂದು ಸರದಿಯ ಕಾಳಸಂತೆ. ತಂದೆಯವರನ್ನು ದೂರುವ ಹಕ್ಕು ನನಗಿಲ್ಲ. ಕೊರತೆಯನ್ನು ಸೃಷ್ಟಿಸಿದವರು ಅವರಲ್ಲ. ಮುಂದೆ ಸರ್ಕಾರಿ ಸೇವೆಗೆ ಸೇರಿ ಹಲವು ಪಟ್ಟಿಗಳಿಗೆ ನಾನೇ ರುಜು ಹಾಕಿದೆ: ನಿವೇಶನದ ಪಟ್ಟಿ, ವರ್ಗಾವಣೆಯ ಪಟ್ಟಿ, ಫಲಾನುಭವಿಗಳ ಪಟ್ಟಿ. ಪ್ರತಿಯೊಂದಕ್ಕೂ ಮುಂಬಾಗಿಲಿನಂತೆ ಹಿಂಬಾಗಿಲೂ ಇರುತ್ತಿತ್ತು. 'ವಿವೇಚನಾ ಕೋಟಾ' ಎಂಬ ಗೌರವಾನ್ವಿತ ಹೆಸರು ಅದಕ್ಕೆ. ಅದನ್ನು ಮುಚ್ಚಲು ನಾನು ಪ್ರಯತ್ನಿಸಿದ್ದುಂಟು; ಒಂದೆರಡು ಸಲ ಕಣ್ಣು ಮುಚ್ಚಿಕೊಂಡದ್ದೂ ಉಂಟು.

ಹಾಗಾಗಿಯೇ ಆ ಪೆಡಲ್ ತಯಾರಕನ ಪಟ್ಟಿ ನನ್ನನ್ನು ಕಾಡಿತು. ಸರ್ಕಾರದ ಸರದಿಯಲ್ಲಿ ಕಾಯುವಿಕೆ ಹೇರಿದ್ದು, ಬೇರೆ ದಾರಿಯಿರಲಿಲ್ಲ. ಇಲ್ಲಿ ಬೇಡವೆನಿಸಿದವನು ಇಂದೇ ಅಂಗಡಿಯಿಂದ ಬೇರೊಂದನ್ನು ಕೊಳ್ಳಬಹುದು. ಅಲ್ಲಿ ಕೊರತೆಗೆ ಕಾರಣ ಆದೇಶ. ಇಲ್ಲಿ ಎರಡು ಕೈಗಳ ಮಿತಿ. ಹಲಸಿನ ಮರ ಹದವಾಗಿ ಒಣಗುವವರೆಗೆ ವೀಣೆಗಾಗಿ ಕಾಯುವ ನಮ್ಮ ವೈಣಿಕರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಎರಡು ಪಟ್ಟಿಗಳಿಗೂ ಒಂದು ಸಮಾನ ದೌರ್ಬಲ್ಯವಿದೆ. ಕೇಳುವ ಬೆಲೆಗೂ ಸಿಗಬಹುದಾದ ಬೆಲೆಗೂ ನಡುವಿನ ಅಂತರವನ್ನು ಯಾರಾದರೂ ಜೇಬಿಗಿಳಿಸಬಹುದು. ತಯಾರಕ ಬಿಟ್ಟುಕೊಟ್ಟದ್ದನ್ನು ನಿಜವಾಗಿ ನುಡಿಸುವವನು ಪಡೆದರೆ ಅದು ಕೊಡುಗೆ. ನಡುವಿನವನು ಪಡೆದರೆ ಬರಿಯ ದಲ್ಲಾಳಿತನ.

ನನ್ನ ಸಲಹೆಗೆ ಮಗ ವಾದ ಹೂಡಲಿಲ್ಲ. 'ನನ್ನ ಹಿಂದೆ ಇನ್ನೊಬ್ಬ ಇದ್ದಾನಲ್ಲ ಅಪ್ಪ, ಅವನೂ ನಾಲ್ಕು ವರ್ಷ ಕಾದಿದ್ದಾನೆ' ಎಂದಷ್ಟೇ ಹೇಳಿದ. ಸದ್ಯಕ್ಕೆ ಬೇಡ, ಸರದಿಯನ್ನು ಮುಂದಿನವರಿಗೆ ಕೊಡಿ ಎಂದು ಅಂದೇ ಬರೆದು ಕಳುಹಿಸಿದ. ತನ್ನ ಹೆಸರನ್ನು ಪಟ್ಟಿಯ ಕೊನೆಗೆ ಮತ್ತೆ ಸೇರಿಸುವಂತೆಯೂ ಕೇಳಿಕೊಂಡ. ಸರಿ ಎಂದು ಉತ್ತರ ಬಂತು.

ಆತನಿಗೆ ಹಾಗೆ ಮಾಡುವುದು ಸುಲಭವಾಗಿತ್ತು ಎಂಬುದನ್ನೂ ಮರೆಯಬಾರದು. ಅವನ ಮಗುವಿನ ಓದು ಆ ಪೆಟ್ಟಿಗೆಯ ಲಾಭವನ್ನು ನೆಚ್ಚಿಕೊಂಡಿಲ್ಲ. ನನ್ನ ಓದು ಒಂದು ಹಂಚಿಕೆ ಪತ್ರವನ್ನು ನೆಚ್ಚಿಕೊಂಡಿತ್ತು. ಪ್ರಾಮಾಣಿಕತೆಗೂ ಒಂದಿಷ್ಟು ಅನುಕೂಲ ಬೇಕು; ಬಡವನಿಂದ ಅದನ್ನು ನಿರೀಕ್ಷಿಸುವ ವ್ಯವಸ್ಥೆ ಮೊದಲು ತನ್ನ ಹಿಂಬಾಗಿಲನ್ನು ಮುಚ್ಚಬೇಕು. ಮೂವತ್ತು ವರ್ಷ ಪಟ್ಟಿಗಳಿಗೆ ರುಜು ಹಾಕಿದ ನಾನು ಇದನ್ನು ಒಪ್ಪಿಕೊಳ್ಳಲು ಮಗನ ಒಂದು ಇ-ಮೇಲ್ ಬೇಕಾಯಿತು.

ಗಿಟಾರು ಇನ್ನೂ ಚೀಲದಲ್ಲೇ ಇದೆ. ಸರದಿ ಮತ್ತೆ ಬರುವ ಹೊತ್ತಿಗೆ ಮೊಮ್ಮಗಳು ಶಾಲೆಗೆ ಹೋಗುತ್ತಿರುತ್ತಾಳೆ. ಆಗ ನುಡಿಸಲು ಪುರುಸೊತ್ತು ಸಿಕ್ಕೀತು ಎಂಬುದು ಮಗನ ಲೆಕ್ಕ.