ವಿಷಾನಿಲ ತಿಂದು ಎಥನಾಲ್ ಕೊಡೋ ಬ್ಯಾಕ್ಟೀರಿಯಾ

ಬೆಲ್ಜಿಯಂನ ಗೆಂಟ್. ಆರ್ಸೆಲರ್‌ಮಿತ್ತಲ್ ಉಕ್ಕಿನ ಕಾರ್ಖಾನೆ. ಊದುಕುಲುಮೆಯಿಂದ ಹೊರಬರೋ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿರುತ್ತೆ. ನಮಗದು ವಿಷ. ಒಂದು ಬ್ಯಾಕ್ಟೀರಿಯಾಗೆ ಅದೇ ಊಟ!

ಹೆಸರು ಕ್ಲಾಸ್ಟ್ರಿಡಿಯಂ ಆಟೋಇಥನೋಜೀನಮ್. ಹೆಸರಿಗೆ ಹೆದರಬೇಡಿ, ಸಿಕ್ಕಿದ್ದು ಮೊಲದ ಹಿಕ್ಕೆಯಲ್ಲಿ. 1994ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದ್ದೂ ಬೆಲ್ಜಿಯಂನದೇ ಪ್ರಯೋಗಾಲಯ.

ದೋಸೆಹಿಟ್ಟು ಹುದುಗುವಾಗ ಸೂಕ್ಷ್ಮಜೀವಿಗಳು ಸಕ್ಕರೆ ತಿನ್ನುತ್ತವೆ. ಇಲ್ಲಿ ಸಕ್ಕರೆಯೇ ಇಲ್ಲ. ಕಬ್ಬೂ ಬೇಡ, ಮೆಕ್ಕೆಜೋಳವೂ ಬೇಡ. ಅನಿಲವನ್ನು ಶುದ್ಧಮಾಡಿ, ಆಮ್ಲಜನಕ ತೆಗೆದು, ನೀರು ತುಂಬಿದ ರಿಯಾಕ್ಟರ್‌ಗೆ ಸಣ್ಣ ಸಣ್ಣ ಗುಳ್ಳೆಗಳಾಗಿ ಬಿಡ್ತಾರೆ. ಬ್ಯಾಕ್ಟೀರಿಯಾ ಒಂಟಿ ಇಂಗಾಲಗಳನ್ನು ಎರಡೆರಡಾಗಿ ಜೋಡಿಸಿ ಎಥನಾಲ್ ಮಾಡುತ್ತೆ. ಆಮೇಲೆ ಬಟ್ಟಿ ಇಳಿಸೋದು, ಅದು ಹಳೇ ವಿದ್ಯೆ.

ಕಷ್ಟ ಇರೋದು ಗುಳ್ಳೆಯಲ್ಲಿ. ಕಾರ್ಬನ್ ಮಾನಾಕ್ಸೈಡ್ ನೀರಲ್ಲಿ ಸುಲಭಕ್ಕೆ ಕರಗಲ್ಲ. ಗುಳ್ಳೆ ಮೇಲೇರಿ ಒಡೆಯೋದರೊಳಗೆ ಜೀವಿಗೆ ತುತ್ತು ಸಿಗಬೇಕು. ಜಾಹೀರಾತಿನ ಉತ್ಸಾಹದಲ್ಲಿ ಮರೆತುಹೋಗೋ ಲೆಕ್ಕವೂ ಒಂದಿದೆ: ಬರೀ ಕಾರ್ಬನ್ ಮಾನಾಕ್ಸೈಡ್ ಕೊಟ್ಟರೆ, ಪ್ರತಿ ಆರು ಇಂಗಾಲದಲ್ಲಿ ಎಥನಾಲ್ ಸೇರೋದು ಎರಡೇ. ಉಳಿದ ನಾಲ್ಕು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ! ಜೊತೆಗೆ ಹೈಡ್ರೋಜನ್ ಇದ್ದರೆ ಲೆಕ್ಕ ಸುಧಾರಿಸುತ್ತೆ.

ಈ ತಂತ್ರ ಬೆಳೆಸಿದ್ದು 2005ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶುರುವಾದ ಲಾಂಜಾಟೆಕ್. 2018ರಲ್ಲಿ ಚೀನಾದ ಶೌಗಾಂಗ್ ಉಕ್ಕು ಕಾರ್ಖಾನೆಯಲ್ಲಿ ಮೊದಲ ವಾಣಿಜ್ಯ ಘಟಕ. ಅದೇ ವರ್ಷ ಇಂಥ ಎಥನಾಲ್‌ನಿಂದ ಮಾಡಿದ ಇಂಧನ ಬೆರೆಸಿಕೊಂಡು ವಿಮಾನವೊಂದು ಒರ್ಲಾಂಡೊದಿಂದ ಲಂಡನ್‌ಗೆ ಹಾರಿತು. ಗೆಂಟ್ ಘಟಕದ ಸಾಮರ್ಥ್ಯ ವರ್ಷಕ್ಕೆ 8 ಕೋಟಿ ಲೀಟರ್. ನಮ್ಮ ದೇಶದಲ್ಲೂ, ಹರಿಯಾಣದ ಪಾಣಿಪತ್‌ನಲ್ಲಿ, ರಿಫೈನರಿಯ ಅನಿಲದಿಂದ ಎಥನಾಲ್ ಮಾಡೋ ಘಟಕವನ್ನು ಇಂಡಿಯನ್ ಆಯಿಲ್ ಕಟ್ಟಿದೆ.