ಕಟ್ಟಡದ ಬಳಕೆ ಬದಲಾವಣೆ: ಮುಂಗಡ ನೀಡುವ ಮುನ್ನ ಪರಿಶೀಲಿಸಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಎಂದೊಡನೆ ನೆನಪಾಗುವುದು 2007ರಲ್ಲಿ ದೇಶದ ಪ್ರಥಮ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಅಲ್ಲಿನ ಹುಣಿಸೆ ತೋಪು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ತಾಲ್ಲೂಕಿನಲ್ಲಿ ಉಗ್ರಾಣ ಹಾಗೂ ಕಾರ್ಯಾಗಾರಗಳಿಗೆ ಬೇಡಿಕೆ ಏರಿದೆ. ಹಳೆಯ ವಾಸದ ಮನೆಯೋ ರೇಷ್ಮೆ ಹುಳು ಸಾಕಣೆ ಮನೆಯೋ ಬಾಡಿಗೆಗೆ ದೊರೆತರೆ ವರ್ತಕರಿಗೆ ಅದು ಲಾಭದಾಯಕವೆನಿಸುವುದು ಸಹಜ. ಆದರೆ ಗೋಡೆ, ಚಾವಣಿ ಸಿದ್ಧವಿದ್ದ ಮಾತ್ರಕ್ಕೆ ಅನುಮತಿಯೂ ಸಿದ್ಧವಿದೆಯೆಂದು ಭಾವಿಸಲಾಗದು.

ಬಳಕೆಯ ಬದಲಾವಣೆಯೂ ‘ಅಭಿವೃದ್ಧಿ’

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14ನೇ ಪ್ರಕರಣದಂತೆ ಕಟ್ಟಡದ ಬಳಕೆಯಲ್ಲಿನ ಗಣನೀಯ ಬದಲಾವಣೆಯೂ ‘ಅಭಿವೃದ್ಧಿ’ಯೇ. ಒಂದು ಇಟ್ಟಿಗೆಯನ್ನೂ ಕದಲಿಸದೆ ಮನೆಯನ್ನು ಕಾರ್ಯಾಗಾರ ಮಾಡಿದರೂ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯ. ಉದ್ದೇಶಿತ ಬಳಕೆಗೆ ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ಅವಕಾಶವಿದ್ದರೆ 15ನೇ ಪ್ರಕರಣದಡಿ ಅರ್ಜಿ ಸಲ್ಲಿಸಬಹುದು. ಅವಕಾಶವಿಲ್ಲದಿದ್ದಲ್ಲಿ 14-ಎ ಪ್ರಕರಣದ ಮಾರ್ಗ ದೀರ್ಘವಾದುದು: ಪತ್ರಿಕಾ ಪ್ರಕಟಣೆ, ಸಾರ್ವಜನಿಕರ ಆಕ್ಷೇಪಣೆ, ಬಳಿಕ ತೀರ್ಮಾನ. ಮಾಲೀಕರು ಇದನ್ನು ಹಕ್ಕೆಂದು ಕೇಳಲಾಗದು. ಅನುಮತಿ ದೊರೆತಾಗ 18ನೇ ಪ್ರಕರಣದಂತೆ ಶುಲ್ಕವೂ ಉಂಟು.

ಕೃಷಿ ಕಟ್ಟಡಗಳ ವಿಷಯ

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣವು ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡಗಳಿಗೆ ಅವಕಾಶ ನೀಡುತ್ತದೆ. ಅದೇ ಕಟ್ಟಡ ಉಗ್ರಾಣವಾದರೆ ಜಮೀನು ಕೃಷಿಯೇತರ ಬಳಕೆಗೆ ತಿರುಗಿದಂತೆ. ಇದಕ್ಕೆ ಜಿಲ್ಲಾಧಿಕಾರಿಗಳ ಅನುಮತಿ ಪಡೆಯುವುದೇ ಸಾಮಾನ್ಯ ನಿಯಮ. ಅನುಮತಿಯಿಲ್ಲದ ಬಳಕೆಗೆ 96ನೇ ಪ್ರಕರಣದಲ್ಲಿ ದಂಡವಿದೆ. ಇತ್ತೀಚಿನ ತಿದ್ದುಪಡಿಗಳ ಸಡಿಲಿಕೆ ತಮ್ಮ ಘಟಕಕ್ಕೆ ಅನ್ವಯಿಸುವುದೇ ಎಂಬುದನ್ನು ಕಂದಾಯ ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಲೇಸು.

ಒಂದು ಪರವಾನಗಿ ಮತ್ತೊಂದಕ್ಕೆ ಬದಲಿಯಲ್ಲ

ವಿದ್ಯುತ್ ಸಂಪರ್ಕ, ಜಿಎಸ್‌ಟಿ, ಉದ್ಯಮ್ ನೋಂದಣಿ ಇವೆಲ್ಲ ಇದ್ದರೂ ಕಟ್ಟಡದ ಬಳಕೆ ಸಕ್ರಮವಾಗದು. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಕಾರ್ಖಾನೆ ಸ್ಥಾಪನೆಗೆ ಹಾಗೂ ಯಂತ್ರೋಪಕರಣ ಅಳವಡಿಕೆಗೆ 1993ರ ಪಂಚಾಯತ್ ರಾಜ್ ಅಧಿನಿಯಮದ 66ನೇ ಪ್ರಕರಣದಡಿ ಪ್ರತ್ಯೇಕ ಅನುಮತಿ ಬೇಕು.

ಉದಾಸೀನದ ಬೆಲೆ ಎಷ್ಟೆಂಬುದಕ್ಕೆ ದೆಹಲಿಯೇ ನಿದರ್ಶನ. ವಾಸದ ಕಟ್ಟಡಗಳಲ್ಲಿನ ವಾಣಿಜ್ಯ ಬಳಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2006ರ ಫೆಬ್ರವರಿ 16ರಂದು ನೀಡಿದ ತೀರ್ಪಿನ ಬಳಿಕ ಅಲ್ಲಿ ವರ್ಷಗಳಿಂದ ನಡೆಯುತ್ತಿದ್ದ ಅಂಗಡಿಗಳಿಗೂ ಬೀಗಮುದ್ರೆ ಬಿತ್ತು.

ಸದಸ್ಯರು ಗಮನಿಸಬೇಕಾದುದು

1. ಪಹಣಿ, ಪರಿವರ್ತನಾ ಆದೇಶ ಹಾಗೂ ಮಂಜೂರಾದ ನಕ್ಷೆಯಲ್ಲಿ ನಮೂದಾದ ಬಳಕೆಯನ್ನು ತಾಳೆ ನೋಡಿ.

2. ಸರ್ವೆ ನಂಬರಿನ ವಲಯ ಯಾವುದೆಂದು ಯೋಜನಾ ಪ್ರಾಧಿಕಾರದಿಂದ ತಿಳಿದುಕೊಳ್ಳಿ.

3. ಅನುಮತಿ ನಿರಾಕೃತವಾದರೆ ಮುಂಗಡ ಹಿಂದಿರುಗಿಸತಕ್ಕದ್ದೆಂಬ ಷರತ್ತನ್ನು ಬಾಡಿಗೆ ಕರಾರಿನಲ್ಲಿ ಬರೆಸಿ.

4. ಯಂತ್ರಗಳಿಗೆ ಸಾಲ ಪಡೆಯುವುದು ಅನುಮತಿಯ ನಂತರವಿರಲಿ.

ಯಂತ್ರ ಹೂಡಿದ ಮೇಲೆ ನೋಟಿಸು ಬಂದರೆ ಬಾಡಿಗೆ, ಬಡ್ಡಿ, ಸಂಬಳ ಮೂರೂ ಉದ್ಯಮಿಯ ತಲೆಯ ಮೇಲೆಯೇ. ಮೊದಲೇ ಕಾಗದಪತ್ರ ನೋಡಲು ವ್ಯಯಿಸುವ ಕೆಲವು ದಿನಗಳು ಈ ಹೊರೆಯನ್ನು ತಪ್ಪಿಸಬಲ್ಲವು.