ನಡುವೆ ನೆಟ್ ಹೋದರೂ ಲೆಕ್ಕ ತಪ್ಪದ ಸಾಫ್ಟ್‌ವೇರ್

ಮಿಜಾರಿನಲ್ಲಿ ಆಳ್ವಾಸ್ ಮತ್ತು ಮೈಟ್, ತೋಡಾರಿನಲ್ಲಿ ಯೆನೆಪೋಯ, ಉಜಿರೆಯಲ್ಲಿ ಎಸ್‌ಡಿಎಂ, ಬೆಂಜನಪದವಿನಲ್ಲಿ ಕೆನರಾ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ತಾಲೂಕಿನವರು ಎಂಜಿನಿಯರಿಂಗ್ ಓದಲು ದೂರ ಹೋಗಬೇಕಾಗಿಲ್ಲ. ಕಂಪ್ಯೂಟರ್ ಸೈನ್ಸ್ ಸೇರಿದವರಿಗೆಲ್ಲ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಎದುರಾಗುವ ಮಾತು 'ಡಿಸ್ಟ್ರಿಬ್ಯೂಟೆಡ್ ಅಪ್ಲಿಕೇಶನ್'. ಬೇರೆ ಬೇರೆ ಯಂತ್ರಗಳಲ್ಲಿ ಹಂಚಿಕೊಂಡು ಒಂದೇ ಕೆಲಸ ಮಾಡುವ ಸಾಫ್ಟ್‌ವೇರ್ ಅದು. ಅದನ್ನು ಕಟ್ಟಲು ಬಳಸುವ ಸ್ವತಂತ್ರ ಬಿಡಿಭಾಗಕ್ಕೆ ಕಾಂಪೊನೆಂಟ್ ಎಂದು ಹೆಸರು. ಎಲ್ಲಿಯ ಕಾಲೇಜಾದರೂ ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಸಾಮಾನ್ಯವಾಗಿ ಕಾಣುವುದೇನೆಂದರೆ ಬ್ರೌಸರ್, ಸರ್ವರ್, ಡೇಟಾಬೇಸ್ ಮೂರೂ ಒಂದೇ ಲ್ಯಾಪ್‌ಟಾಪಿನಲ್ಲಿ ಕುಳಿತಿರುತ್ತವೆ. ಅಲ್ಲಿ ಎಲ್ಲವೂ ಸಲೀಸಾಗಿ ನಡೆಯುತ್ತದೆ, ಕಲಿಯಬೇಕಾದ ಮುಖ್ಯ ಪಾಠವೇ ತಪ್ಪಿಹೋಗುತ್ತದೆ.

ಆ ಪಾಠಕ್ಕೆ ಇಲ್ಲೇ ಸಿಗುವ ಒಳ್ಳೆಯ ವಿಷಯ ಹಾಲಿನ ಸೊಸೈಟಿ. ಬೆಳಿಗ್ಗೆ ಸದಸ್ಯರು ಹಾಲು ತರುತ್ತಾರೆ. ಅಳತೆ ಆಗುತ್ತದೆ, ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡುತ್ತಾರೆ, ಅದರ ಮೇಲೆ ದರ ಬೀಳುತ್ತದೆ, ಚೀಟಿ ಬರುತ್ತದೆ. ಲೆಕ್ಕ ಮುಂದೆ ಕುಲಶೇಖರದಲ್ಲಿರುವ ಜಿಲ್ಲಾ ಹಾಲು ಒಕ್ಕೂಟದಂಥ ದೊಡ್ಡ ಜಾಗಕ್ಕೂ ಮುಟ್ಟಬೇಕು. ಅಭ್ಯಾಸಕ್ಕಾಗಿ ಇಂಥದೊಂದು ವ್ಯವಸ್ಥೆಯನ್ನು ನಾವೇ ಕಟ್ಟುತ್ತೇವೆ ಎಂದಿಟ್ಟುಕೊಳ್ಳಿ. ನಾಲ್ಕು ಕಾಂಪೊನೆಂಟ್ ಸಾಕು: ಅಳತೆ ದಾಖಲಿಸುವುದು ಒಂದು, ದರ ಹೇಳುವುದು ಒಂದು, ಸದಸ್ಯರ ಖಾತೆ ಬರೆಯುವುದು ಒಂದು, ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುವುದು ಇನ್ನೊಂದು.

ಇವುಗಳಲ್ಲಿ ದರದ ಕಾಂಪೊನೆಂಟನ್ನೇ ನೋಡೋಣ. ಅದಕ್ಕೆ ಫ್ಯಾಟ್, ಎಸ್‌ಎನ್‌ಎಫ್, ದಿನಾಂಕ ಕೊಟ್ಟರೆ ಲೀಟರಿಗೆ ಎಷ್ಟು ರೂಪಾಯಿ ಎಂದು ಹೇಳಬೇಕು. ಹೊರಗಿನವರಿಗೆ ಕಾಣುವುದು ಇಷ್ಟೇ, ಇದೇ ಅದರ ಇಂಟರ್‌ಫೇಸ್. ಒಳಗೆ ಅದು ಚಾರ್ಟ್ ನೋಡುತ್ತದೋ, ಸೂತ್ರ ಹಾಕುತ್ತದೋ ಎಂಬುದು ಅಳತೆಯ ಕಾಂಪೊನೆಂಟಿಗೆ ಗೊತ್ತಿರಬಾರದು. ದರ ಪರಿಷ್ಕರಣೆ ಆದಾಗ ಒಂದೇ ಕಡೆ ಕೈ ಹಾಕಿದರೆ ಮುಗಿಯಬೇಕು. ಮುಂದೆ ಬದಲಾಗುವ ಸಾಧ್ಯತೆ ಇರುವ ನಿರ್ಧಾರ ಯಾವುದೋ ಅದನ್ನು ಒಂದು ಭಾಗದೊಳಗೆ ಮುಚ್ಚಿಡಿ ಎಂದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಬರೆದಿದ್ದರು. ಅದಕ್ಕೂ ಮೊದಲು, 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನೇಟೊ ಸಮ್ಮೇಳನದಲ್ಲಿ ಡಗ್ಲಸ್ ಮೆಕಿಲ್‌ರಾಯ್, ಸಾಫ್ಟ್‌ವೇರಿಗೂ ಕಾರ್ಖಾನೆಯ ಬಿಡಿಭಾಗಗಳಂತೆ ಸಿದ್ಧ ಕಾಂಪೊನೆಂಟುಗಳು ಬೇಕು ಎಂದು ವಾದಿಸಿದ್ದರು.

ಇಷ್ಟರವರೆಗೆ ಕಷ್ಟವಿಲ್ಲ. ಈಗ ಖಾತೆಯ ಕಾಂಪೊನೆಂಟನ್ನು ಬೇರೆ ಯಂತ್ರಕ್ಕೆ ಸಾಗಿಸಿ. ಅಳತೆ ನಾರಾವಿಯ ಸೊಸೈಟಿಯಲ್ಲಿ, ಖಾತೆ ಮಂಗಳೂರಿನಲ್ಲಿ.

ಮೊದಲು ಬದಲಾಗುವುದು ಸಮಯ. ಒಂದೇ ಪ್ರೋಗ್ರಾಮಿನೊಳಗೆ ಒಂದು ಫಂಕ್ಷನ್ ಇನ್ನೊಂದನ್ನು ಕರೆಯಲು ಕೆಲವು ನ್ಯಾನೊಸೆಕೆಂಡ್ ಸಾಕು. ಮೊಬೈಲ್ ನೆಟ್ ಮೇಲೆ ಹೋಗಿ ಬರಲು 50 ಮಿಲಿಸೆಕೆಂಡ್ ಹಿಡಿದರೂ ಅದು ಲಕ್ಷಾಂತರ ಪಟ್ಟು ನಿಧಾನ. 200 ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ 15 ದಿನಕ್ಕೆ 6000 ದಾಖಲೆ. ಬಿಲ್ ಮಾಡುವಾಗ ಒಂದೊಂದು ದಾಖಲೆಗೂ ಸರ್ವರನ್ನು ಪ್ರತ್ಯೇಕವಾಗಿ ಕೇಳಿದರೆ 300 ಸೆಕೆಂಡ್, ಅಂದರೆ ಐದು ನಿಮಿಷ ಕಾಯಬೇಕು. ಅದೇ 6000 ದಾಖಲೆಯನ್ನು ಒಂದೇ ಸಲ ಕೇಳಿದರೆ ಕೆಲವೇ ಕ್ಷಣ. ಹೀಗಾಗಿ ದೂರದ ಕಾಂಪೊನೆಂಟಿನ ಇಂಟರ್‌ಫೇಸ್ ಬರೆಯುವ ಕ್ರಮವೇ ಬೇರೆ. ಕೇಳುವುದು ಕಡಿಮೆ ಸಲ, ಕೇಳಿದಾಗ ಹೆಚ್ಚು.

ಹಳೆಯ ತಂತ್ರಜ್ಞಾನಗಳು ಎಡವಿದ್ದು ಇಲ್ಲೇ. 1991ರ ಕೊರ್ಬಾ, 1996ರ ಡಿಕಾಮ್, 1998ರ ಎಂಟರ್‌ಪ್ರೈಸ್ ಜಾವಾ ಬೀನ್ಸ್ ಇವೆಲ್ಲ ದೂರದ ಕಾಂಪೊನೆಂಟನ್ನು ಪಕ್ಕದಲ್ಲೇ ಇದೆಯೆಂಬಂತೆ ಬಳಸುವ ಅನುಕೂಲ ಕೊಡಲು ಹೊರಟಿದ್ದವು. ಅದು ಆಗದ ಕೆಲಸ ಎಂದು ಸನ್ ಕಂಪನಿಯ ಜಿಮ್ ವಾಲ್ಡೋ ಮತ್ತು ಸಂಗಡಿಗರು 1994ರಲ್ಲೇ ಪ್ರಬಂಧ ಬರೆದರು. ಕೇಳಿದವರು ಕಡಿಮೆ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ 2018ರ ಪಠ್ಯಕ್ರಮದಲ್ಲೂ 'ಅಡ್ವಾನ್ಸ್ಡ್ ಜಾವಾ ಆಂಡ್ ಜೆ2ಇಇ' ಎಂಬ ಪೇಪರ್ ಇತ್ತು. ಎಂಟರ್‌ಪ್ರೈಸ್ ಜಾವಾ ಬೀನ್ಸ್ ಸೇರಿದ್ದ ಈ ಜೆ2ಇಇ ಎಂಬ ಹೆಸರನ್ನು ಸನ್ 2006ರಲ್ಲೇ ಕೈಬಿಟ್ಟಿತ್ತು! ಹೆಸರುಗಳನ್ನು ಬಾಯಿಪಾಠ ಮಾಡುವುದರಲ್ಲಿ ಅರ್ಥವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಂಪೊನೆಂಟ್ ದೂರ ಹೋದಾಗ ಬದಲಾಗುವ ಎರಡನೆಯದು, ಸಮಯಕ್ಕಿಂತ ದೊಡ್ಡ ತಲೆನೋವು. ಆಷಾಢದ ಗಾಳಿಮಳೆಗೆ ಘಟ್ಟದ ಬುಡದ ಊರುಗಳಲ್ಲಿ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರೂ ಮಲಗುತ್ತದೆ. ನಾರಾವಿಯ ಕಂಪ್ಯೂಟರ್ 'ಸದಸ್ಯ 37, ಏಳೂವರೆ ಲೀಟರ್' ಎಂದು ಕಳಿಸಿತು. ಉತ್ತರ ಬರಲಿಲ್ಲ. ಏನಾಗಿರಬಹುದು? ಸಂದೇಶ ಮಂಗಳೂರು ಮುಟ್ಟಿರಲಿಕ್ಕಿಲ್ಲ. ಮುಟ್ಟಿದ ಮೇಲೆ, ಖಾತೆಗೆ ಬರೆಯುವ ಮೊದಲೇ ಸರ್ವರ್ ನಿಂತಿರಬಹುದು. ಅಥವಾ ಖಾತೆಗೆ ಬರೆದೂ ಆಗಿ, 'ಆಯಿತು' ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ನಾರಾವಿಯಲ್ಲಿ ಕುಳಿತವರಿಗೆ ಮೂರರಲ್ಲೂ ಕಾಣುವುದು ಒಂದೇ, ಮೌನ. ಮತ್ತೆ ಕಳಿಸಿದರೆ ಮೂರನೆಯ ಸಂದರ್ಭದಲ್ಲಿ ಹದಿನೈದು ಲೀಟರ್ ಆಗುತ್ತದೆ. ಕಳಿಸದೆ ಬಿಟ್ಟರೆ ಮೊದಲೆರಡು ಸಂದರ್ಭಗಳಲ್ಲಿ ಸದಸ್ಯರ ಹಾಲು ನೀರಿಗೆ ಹೋದ ಹಾಗೆ.

ಇದಕ್ಕೆ ಪರಿಹಾರ ಇದೆ, ಸರಳವೂ ಹೌದು. ದಾಖಲೆ ಹುಟ್ಟುವ ಜಾಗದಲ್ಲೇ, ಕಳಿಸುವ ಮೊದಲೇ, ಅದಕ್ಕೊಂದು ನಂಬರ್ ಕೊಡಿ. ಸಂಘದ ಕೋಡ್, ದಿನಾಂಕ, ಬೆಳಿಗ್ಗೆಗೆ 1 ಅಥವಾ ಸಂಜೆಗೆ 2, ಸರತಿ ಸಂಖ್ಯೆ ಸೇರಿಸಿದರೆ 214-20250714-1-037 ಎಂಬಂಥ ನಂಬರ್ ಸಿಗುತ್ತದೆ. ಮೊದಲು ಅದನ್ನು ನಾರಾವಿಯ ಯಂತ್ರದಲ್ಲೇ ಫೈಲಿಗೆ ಬರೆದು, ಆಮೇಲೆ ಕಳಿಸಿ. ಉತ್ತರ ಬರುವವರೆಗೆ ಅದೇ ನಂಬರಿನಲ್ಲಿ ಎಷ್ಟು ಸಲ ಬೇಕಾದರೂ ಕಳಿಸಬಹುದು. ಖಾತೆಯ ಕಾಂಪೊನೆಂಟ್ ಆ ನಂಬರ್ ಆಗಲೇ ಬಂದಿದ್ದರೆ ಎರಡನೇ ಸಲ ಬರೆಯುವುದಿಲ್ಲ, ಹಳೆಯ ಉತ್ತರವನ್ನೇ ಮತ್ತೆ ಕೊಡುತ್ತದೆ. ಕರೆಂಟು ಬಂದ ಮೇಲೆ ಸಾಲಿನಲ್ಲಿ ಉಳಿದ ದಾಖಲೆಗಳೆಲ್ಲ ತಾವಾಗಿ ಹೋಗುತ್ತವೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಮರುಪ್ರಯತ್ನದ ಕೋಡಿನ ಒಳಗೆ ನಂಬರ್ ಹುಟ್ಟಿಸಿದರೆ ಪ್ರತಿ ಸಲವೂ ಹೊಸ ನಂಬರ್ ಬಂದು ಪಟ್ಟ ಶ್ರಮವೆಲ್ಲ ವ್ಯರ್ಥ. ಇನ್ನೊಂದು, 'ಈ ನಂಬರ್ ಇದೆಯೇ ನೋಡು, ಇಲ್ಲದಿದ್ದರೆ ಬರೆ' ಎಂದು ಪ್ರೋಗ್ರಾಮಿನಲ್ಲಿ ಬರೆದರೆ ಸಾಲದು. ಒಂದೇ ದಾಖಲೆಯ ಎರಡು ಪ್ರತಿ ಒಟ್ಟಿಗೆ ಬಂದರೆ ಎರಡಕ್ಕೂ 'ಇಲ್ಲ' ಎಂಬ ಉತ್ತರ ಸಿಕ್ಕಿ, ಎರಡೂ ಒಳಗೆ ಹೋಗುತ್ತವೆ. ಡೇಟಾಬೇಸಿನಲ್ಲೇ ಆ ಕಾಲಮ್ಮಿಗೆ, ಒಂದೇ ನಂಬರ್ ಎರಡು ಸಲ ಬಾರದಂತೆ ತಡೆಯುವ ಯೂನಿಕ್ ನಿರ್ಬಂಧ ಹಾಕಬೇಕು.

ಬಿ.ಸಿ. ರೋಡಿನ ಅಂಗಡಿಯಲ್ಲಿ ಫೋನಿನಿಂದ ದುಡ್ಡು ಕೊಡುವಾಗಲೂ ನಡೆಯುವುದು ಇದೇ. 2016ರಲ್ಲಿ ಶುರುವಾದ ಯುಪಿಐಯಲ್ಲಿ ನಿಮ್ಮ ಆ್ಯಪ್, ಯುಪಿಐ ನಡೆಸುವ ಎನ್‌ಪಿಸಿಐ, ನಿಮ್ಮ ಬ್ಯಾಂಕ್, ಅಂಗಡಿಯವರ ಬ್ಯಾಂಕ್ ಬೇರೆ ಬೇರೆ ಕಾಂಪೊನೆಂಟುಗಳು, ಬೇರೆ ಬೇರೆಯವರ ಯಂತ್ರಗಳಲ್ಲಿ ಓಡುವಂಥವು. ನಿಮ್ಮ ಖಾತೆಯಿಂದ ದುಡ್ಡು ಕಳೆದಾಗಿದೆ, ಆಚೆಯಿಂದ ಉತ್ತರ ಬಂದಿಲ್ಲ ಎಂದಾದಾಗ ಕಾಣುವುದು 'ಪೆಂಡಿಂಗ್'. ಆ್ಯಪ್ ಪ್ರಾಮಾಣಿಕವಾಗಿಯೇ ಇದೆ, ಅದಕ್ಕೆ ನಿಜಕ್ಕೂ ಗೊತ್ತಿಲ್ಲ. ಈ ಮೌನವನ್ನು ಯಾವ ಕೋಡೂ ಪೂರ್ತಿ ತೆಗೆಯಲಾರದು. ಹಾಗಾಗಿ ರಿಸರ್ವ್ ಬ್ಯಾಂಕ್ ಸೆಪ್ಟೆಂಬರ್ 2019ರಲ್ಲಿ ಗಡುವು ಹಾಕಿತು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ದುಡ್ಡು ಆಚೆ ಜಮಾ ಆಗದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಬ್ಯಾಂಕುಗಳಿಂದ ಇನ್ನೊಂದು ಪಾಠವೂ ಇದೆ, ಅದು ನಮ್ಮ ಕರಾವಳಿಯದ್ದೇ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ. ಹನ್ನೊಂದು ಅಕ್ಷರದ ಐಎಫ್‌ಎಸ್‌ಸಿಯಲ್ಲಿ ಮೊದಲ ನಾಲ್ಕು ಬ್ಯಾಂಕಿನದು. ಬ್ಯಾಂಕೇ ಹೋದ ಮೇಲೆ 2021ರಲ್ಲಿ ಹಳೆಯ ಕೋಡುಗಳೂ ನಿಂತವು. ಎಲ್ಲೆಲ್ಲಿ ಆ ಕೋಡ್ ಬರೆದಿಟ್ಟಿದ್ದರೋ ಅಲ್ಲೆಲ್ಲ ತಿದ್ದಬೇಕಾಯಿತು. ಸಾಫ್ಟ್‌ವೇರಿನಲ್ಲೂ ಹಾಗೆಯೇ. ಖಾತೆಯ ಸರ್ವರಿನ ವಿಳಾಸವನ್ನು ಹತ್ತು ಕಡೆ ಕೋಡಿನೊಳಗೆ ಬರೆದರೆ ಸರ್ವರ್ ಬದಲಾದ ದಿನ ಹತ್ತು ಕಡೆ ಹುಡುಕಬೇಕು. ವಿಳಾಸ ಒಂದೇ ಸೆಟ್ಟಿಂಗ್ಸ್ ಫೈಲಿನಲ್ಲಿರಲಿ. ಇಂಟರ್‌ಫೇಸ್ ತಿದ್ದುವಾಗಲೂ ಹೊಸ ಅಂಶ ಸೇರಿಸಬಹುದು, ಆದರೆ ಹಳೆಯದನ್ನು ಕಿತ್ತುಹಾಕಬೇಡಿ, ಅದರ ಅರ್ಥವನ್ನೂ ಬದಲಿಸಬೇಡಿ. ಎಲ್ಲ ಸೊಸೈಟಿಗಳೂ ಒಂದೇ ದಿನ ಹೊಸ ಆವೃತ್ತಿಗೆ ಬರುವುದಿಲ್ಲ.

ಭಾಷೆ ಜಾವಾ ಆಗಲಿ, ಪೈಥಾನ್ ಆಗಲಿ, ಚಿಂತೆ ಬೇಡ. ಡಾಕರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ಒಂದೇ ಯಂತ್ರದಲ್ಲಿ ನಾಲ್ಕು ಕಾಂಪೊನೆಂಟನ್ನು ಪ್ರತ್ಯೇಕವಾಗಿ ಓಡಿಸಬಹುದು. ಮುಖ್ಯವಾದದ್ದು ಕೆಡಿಸಿ ನೋಡುವುದು. ಡಾಕರಿನಲ್ಲಿ 'ಸ್ಟಾಪ್' ಕೊಟ್ಟರೆ ಕರೆದವರಿಗೆ ಸಾಮಾನ್ಯವಾಗಿ ಕೂಡಲೇ ದೋಷದ ಸಂದೇಶ ಬರುತ್ತದೆ, ಅದು ಸುಲಭದ ಪರೀಕ್ಷೆ. 'ಪಾಝ್' ಕೊಟ್ಟು ನೋಡಿ: ಆ ಕಾಂಪೊನೆಂಟ್ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ, ಕರೆದವರು ಕಾಯುತ್ತಲೇ ಇರುತ್ತಾರೆ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಟೈಮ್‌ಔಟ್ ನಾವಾಗಿ ಹೇಳದಿದ್ದರೆ ಕಾಯುವುದಕ್ಕೆ ಮಿತಿಯೇ ಇಲ್ಲ. ಮಳೆಗಾಲದ ನೆಟ್ ಹೆಚ್ಚಾಗಿ ಈ ಎರಡನೆಯ ಬಗೆಯದು.

ಹಾಗೆಂದು ಎಲ್ಲವನ್ನೂ ಬೇರೆ ಬೇರೆ ಯಂತ್ರಕ್ಕೆ ಹಾಕುವ ಚಟ ಬೇಡ, ಒಂದೊಂದು ಒಡಕಿಗೂ ಒಂದೊಂದು ಮೌನ ಸೇರಿಕೊಳ್ಳುತ್ತದೆ. ನಾಲ್ಕನ್ನೂ ಒಂದೇ ಪ್ರೋಗ್ರಾಮಿನೊಳಗೆ ಚೊಕ್ಕ ಇಂಟರ್‌ಫೇಸಿನೊಂದಿಗೆ ಬರೆದು ಶುರುಮಾಡಿ. ಮೊದಲು ಹೊರಗೆ ತೆಗೆಯಲು ಯೋಗ್ಯವಾದದ್ದು ಎಸ್ಸೆಮ್ಮೆಸ್, ಅದು ಅರ್ಧ ಗಂಟೆ ತಡವಾದರೂ ಲೆಕ್ಕ ಕೆಡುವುದಿಲ್ಲ. ಆಮೇಲೆ ಖಾತೆ, ನಂಬರಿನ ವ್ಯವಸ್ಥೆ ಗಟ್ಟಿಯಾದ ಮೇಲೆ. ದರದ ಕಾಂಪೊನೆಂಟನ್ನು ದೂರ ಇಡಲು ಕಾರಣವೇ ಇಲ್ಲ. ದರ ಬದಲಾದ ದಿನ ಹೊಸ ಚಾರ್ಟನ್ನು ಫೈಲಾಗಿ ಸೊಸೈಟಿಗೆ ಕಳಿಸಿದರಾಯಿತು, ನೆಟ್ ಇಲ್ಲದ ಬೆಳಿಗ್ಗೆಯೂ ಚೀಟಿಯ ಮೇಲೆ ದರ ಬರುತ್ತದೆ.